ಕರೆಂಟ್ ಇಡೋಕೂ ಹೊತ್ತುಗೊತ್ತು ಇದೆಯಾ?

ಚೀಟಿಯಲ್ಲಿ ಚಿಕ್ಕಮ್ಮನ ಹೆಸರಿನ ಮುಂದೆ ‘ಮಂಗಳವಾರ, 3.30’ ಎಂದು ಬರೆದಿತ್ತು. ಕನ್ನಡಕ ಏರಿಸಿಕೊಂಡು ಓದಿದವಳೇ ಅದನ್ನು ನನ್ನ ಕೈಗೆ ವಾಪಸು ಕೊಟ್ಟಳು. “ರಾಹುಕಾಲ ಕಣಪ್ಪ ಅದು. ಮೊದಲ್ನೇ ಕರೆಂಟೇ ರಾಹುಕಾಲದಲ್ಲಾ? ಬೆಳಗ್ಗೆ ಹೊತ್ತಲ್ಲಿ ಜಾಗ ಐತಾ ಕೇಳು, ಹೋಗು.”

ವಿಕಿರಣ ಬಿಟ್ಟು ಕ್ಯಾನ್ಸರ್ ಗೆಡ್ಡೆ ಕೊಲ್ಲುವ ರೇಡಿಯೋಥೆರಪಿಗೆ ನಮ್ಮ ಕಡೆ ಯಾರೂ ಆ ಹೆಸರು ಹೇಳುವುದಿಲ್ಲ. ‘ಕರೆಂಟ್ ಇಡ್ತಾರೆ’ ಅನ್ನುತ್ತಾರೆ, ಅಥವಾ ‘ಲೈಟ್ ಕೊಡ್ತಾರೆ’. ಚಿಕ್ಕಮ್ಮನಿಗೆ ಕೆನ್ನೆಯ ಒಳಗೆ, ನಲವತ್ತು ವರ್ಷ ಎಲೆಅಡಿಕೆ ಹೊಗೆಸೊಪ್ಪು ಒತ್ತರಿಸಿಕೊಂಡ ಜಾಗದಲ್ಲೇ ಗೆಡ್ಡೆ. ವಾರಕ್ಕೆ ಐದು ದಿನದಂತೆ ಒಟ್ಟು ಮೂವತ್ತು ಕರೆಂಟ್. ಕೌಂಟರಿನ ಹುಡುಗಿ ನಗಲಿಲ್ಲ, ಪಾಪ. ದಿನಕ್ಕೆ ಹತ್ತು ಜನರಾದರೂ ಅದನ್ನೇ ಕೇಳುತ್ತಾರಂತೆ. “ಬೆಳಗ್ಗೆ ಖಾಲಿ ಇಲ್ಲ ಸಾರ್. ಯಾವ ಹೊತ್ತಲ್ಲಿ ಕೊಟ್ರೂ ಒಂದೇ ಅಂತ ಅಮ್ಮನಿಗೆ ಹೇಳಿ.”

ಯಾವ ಹೊತ್ತಲ್ಲಿ ಕೊಟ್ಟರೂ ಒಂದೇನಾ? ಚಿಕ್ಕಮ್ಮನಿಗೆ ಹಾಗೆಂದು ಹೇಳಿ ಕಳಿಸಿದ ನಾನೇ ಆ ರಾತ್ರಿ ಕೂತು ಓದತೊಡಗಿದೆ. ಅವಳು ಕೊಟ್ಟ ಕಾರಣ ತಪ್ಪು. ಆದರೆ ಅವಳು ಕೇಳಿದ ಪ್ರಶ್ನೆಯನ್ನು ವಿಜ್ಞಾನಿಗಳು ಅರವತ್ತು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. 1963ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ವರದಿ ಇದೇ ವಿಷಯದ್ದು: ಪ್ರಾಣಿಗಳ ಇಡೀ ಮೈಗೆ ಅಷ್ಟೇ ಪ್ರಮಾಣದ ವಿಕಿರಣವನ್ನು ದಿನದ ಎರಡು ಬೇರೆ ಹೊತ್ತುಗಳಲ್ಲಿ ಕೊಟ್ಟರೆ, ಅವು ಬದುಕಿ ಉಳಿಯುವ ಕಾಲ ಒಂದೇ ಆಗಿರುವುದಿಲ್ಲ. ಅದೇ ಯಂತ್ರ, ಅದೇ ಡೋಸು. ಬೇರೆಯಾಗಿದ್ದದ್ದು ಗೋಡೆಯ ಮೇಲಿನ ಗಡಿಯಾರದ ಮುಳ್ಳು ಮಾತ್ರ.

ಮುಳ್ಳು ಗೋಡೆಯ ಮೇಲಷ್ಟೇ ಇಲ್ಲ, ಮೈಯೊಳಗೂ ಇದೆ ಎಂಬುದು ಹಳೆಯ ಅನುಮಾನ. ಹುಣಸೆಮರ ರಾತ್ರಿ ಎಲೆ ಮಡಚುವುದನ್ನು ನಮ್ಮೂರಿನವರೆಲ್ಲ ಕಂಡವರೇ. ಅಲೆಗ್ಸಾಂಡರನ ಕಾಲದಲ್ಲಿ ಆಂಡ್ರೋಸ್ಥೆನಿಸ್ ಎಂಬ ನಾವಿಕ ಈಗಿನ ಬಹರೇನ್ ದ್ವೀಪದಲ್ಲಿ ಹಾಗೆ ಎಲೆ ಮಡಚುವ ಮರ ನೋಡಿ ಬರೆದಿಟ್ಟ. ಅದು ಹುಣಸೆಯೇ ಇರಬೇಕೆಂದು ಈಗಿನವರ ಊಹೆ. 1729ರಲ್ಲಿ ಫ್ರಾನ್ಸಿನ ಡಿ ಮೆರಾನ್ ಮುಟ್ಟಿದರೆ ಮುನಿಯಂಥ ಗಿಡವನ್ನು ಬೆಳಕೇ ಬಾರದ ಕಡೆ ಇಟ್ಟ. ಸೂರ್ಯನನ್ನು ಕಾಣದಿದ್ದರೂ ಅದು ಹೊತ್ತಿಗೆ ಸರಿಯಾಗಿ ಎಲೆ ಬಿಚ್ಚಿತು, ಹೊತ್ತಿಗೆ ಸರಿಯಾಗಿ ಮುಚ್ಚಿತು. ಈ ‘ಹೆಚ್ಚೂಕಡಿಮೆ ಒಂದು ದಿನ’ದ ಲಯಕ್ಕೆ 1959ರಲ್ಲಿ ಫ್ರಾಂಜ್ ಹಾಲ್ಬರ್ಗ್ ‘ಸರ್ಕೇಡಿಯನ್’ ಎಂದು ಹೆಸರಿಟ್ಟರು. 1971ರಲ್ಲಿ ಕೊನೊಪ್ಕ ಮತ್ತು ಬೆಂಜರ್ ಹಣ್ಣುನೊಣದಲ್ಲಿ ಈ ಲಯವನ್ನು ಕೆಡಿಸುವ ಒಂದು ಜೀನ್ ಹಿಡಿದರು. ಆ ಜೀನಿನ ಬೆನ್ನುಹತ್ತಿ ಹೋದ ಹಾಲ್, ರಾಸ್‌ಬಾಷ್, ಯಂಗ್ ಮೂವರಿಗೆ 2017ರ ನೊಬೆಲ್ ಬಂತು. ನಮ್ಮಲ್ಲೂ ಈ ಕೆಲಸ ನಡೆದಿದೆ: ಮದುರೆಯ ಕಡೆ ಗುಹೆಯ ಬಾವಲಿಗಳ ಗಡಿಯಾರ ಅಳೆದ ಎಂ.ಕೆ. ಚಂದ್ರಶೇಖರನ್ ಆಮೇಲೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರಕ್ಕೆ ಬಂದರು. ಅಲ್ಲಿ ಬೆಳಗ್ಗೆ ಪ್ಯೂಪಾ ಗೂಡಿನಿಂದ ಹೊರಬರುವ ನೊಣಗಳನ್ನೇ ಬೇರೆ, ಸಂಜೆ ಹೊರಬರುವವನ್ನೇ ಬೇರೆ ಮಾಡಿ ಪೀಳಿಗೆಯಿಂದ ಪೀಳಿಗೆಗೆ ಸಾಕುತ್ತಾ ಬಂದಿದ್ದಾರೆ.

ಗಡಿಯಾರ ಓಡುವ ಬಗೆ ತಿಳಿಯಬೇಕಾದರೆ ಸೌದೆ ಒಲೆಯ ಮೇಲಿನ ಹಾಲನ್ನು ನೆನೆಸಿಕೊಳ್ಳಿ. ಬೆಂಕಿ ಜೋರಾದರೆ ಹಾಲು ಉಕ್ಕುತ್ತದೆ. ಉಕ್ಕಿದ ಹಾಲು ಚೆಲ್ಲಿ ಬೆಂಕಿಯನ್ನೇ ಆರಿಸುತ್ತದೆ. ಹಾಲು ತಣ್ಣಗೆ ಕೆಳಗಿಳಿಯುತ್ತದೆ. ಕೆಂಡ ಮತ್ತೆ ಹೊತ್ತಿಕೊಳ್ಳುತ್ತದೆ. ಜೀವಕೋಶದಲ್ಲಿ ಬೆಂಕಿಯ ಜಾಗದಲ್ಲಿರುವುದು ಕ್ಲಾಕ್ ಮತ್ತು ಬಿಮಾಲ್1 ಎಂಬ ಜೋಡಿ ಪ್ರೋಟೀನುಗಳು. ಅವು ಪೀರಿಯಡ್ ಮತ್ತು ಕ್ರಿಪ್ಟೋಕ್ರೋಮ್ ಎಂಬ ಇನ್ನೊಂದು ಜೋಡಿಯನ್ನು ತಯಾರು ಮಾಡಿಸುತ್ತವೆ. ಈ ಎರಡನೆಯ ಜೋಡಿ ಗಂಟೆಗಟ್ಟಲೆ ತುಂಬಿಕೊಳ್ಳುತ್ತಾ ಹೋಗಿ, ಕೊನೆಗೆ ಕೋಶಕೇಂದ್ರದೊಳಕ್ಕೆ ನುಗ್ಗಿ ತಮ್ಮನ್ನು ಹುಟ್ಟಿಸಿದವರ ಬಾಯಿಯನ್ನೇ ಮುಚ್ಚಿಸುತ್ತದೆ. ಆಮೇಲೆ ನಿಧಾನಕ್ಕೆ ಕರಗುತ್ತದೆ, ಮತ್ತೆ ಒಲೆ ಹೊತ್ತುತ್ತದೆ. ಮನುಷ್ಯರಲ್ಲಿ ಈ ಒಂದು ಸುತ್ತಿಗೆ 24 ಗಂಟೆಗಿಂತ ಕೊಂಚ ಹೆಚ್ಚು ಹಿಡಿಯುತ್ತದೆ. ಆ ಹೆಚ್ಚುವರಿ ನಿಮಿಷಗಳನ್ನು ದಿನವೂ ಬೆಳಗಿನ ಬೆಳಕು ಸರಿ ಮಾಡುತ್ತದೆ.

ಮೆದುಳಿನಲ್ಲಿ, ಎರಡು ಕಣ್ಣಿನ ನರಗಳು ಕೂಡುವ ಜಾಗದ ಮೇಲೆ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗೊಂಚಲಿದೆ. ಅದು ಇಡೀ ಮೈಗೆ ಕಾರ್ಖಾನೆಯ ಸೈರನ್ ಇದ್ದ ಹಾಗೆ. ಆದರೆ ಸೈರನ್ ಕೇಳಿ ಒಬ್ಬೊಬ್ಬರು ಒಂದೊಂದು ಕೆಲಸಕ್ಕೆ ಏಳುವಂತೆ ಚರ್ಮ, ಕರುಳು, ಪಿತ್ತಜನಕಾಂಗ, ಕೂದಲಿನ ಬುಡ ಎಲ್ಲಕ್ಕೂ ತಮ್ಮತಮ್ಮ ಗಡಿಯಾರವುಂಟು, ತಮ್ಮತಮ್ಮ ಪಾಳಿಯುಂಟು. ಬಾಯಿ ಒಂದು ಪಾಳಿ, ಕರುಳು ಇನ್ನೊಂದು ಪಾಳಿ. ಈ ಲೇಖನದ ಗಂಟು ಬಿಚ್ಚುವುದೇ ಇಲ್ಲಿ, ಸ್ವಲ್ಪ ತಾಳಿ.

ವಿಕಿರಣ ಎಂಬ ಒಂದೇ ಮಾತಿನಲ್ಲಿ ನಾವು ಕನಿಷ್ಠ ಎರಡು ಬೇರೆ ಪೆಟ್ಟುಗಳನ್ನು ಸೇರಿಸಿಬಿಡುತ್ತೇವೆ. ಬಿಸಿಲಿನ ಅತಿನೇರಳೆ ಕಿರಣ ಚರ್ಮದ ಮೇಲ್ಪದರದಲ್ಲೇ ನಿಂತುಬಿಡುತ್ತದೆ. ಅಲ್ಲಿ ಡಿಎನ್‌ಎಯ ಅಕ್ಕಪಕ್ಕದ ಎರಡು ಅಕ್ಷರಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಎಕ್ಸ್‌ರೇ, ಗಾಮಾ ಕಿರಣಗಳು ಆಳಕ್ಕೆ ಇಳಿದು ಡಿಎನ್‌ಎಯ ಎರಡೂ ಎಳೆಗಳನ್ನು ಹಗ್ಗ ಕಡಿದಂತೆ ಕಡಿಯುತ್ತವೆ. ಮೊದಲನೆಯದು ಪುಟ ಅಂಟಿಕೊಂಡ ಪುಸ್ತಕ, ಎರಡನೆಯದು ಹರಿದ ಪುಸ್ತಕ. ರಿಪೇರಿ ಮಾಡುವವರೂ ಬೇರೆ, ಅವರ ಹೊತ್ತೂ ಬೇರೆ. ‘ರಾತ್ರಿ ವಿಕಿರಣ ಹೆಚ್ಚು ಅಪಾಯ’ ಎಂಬಂಥ ತಲೆಬರಹ ಕಂಡಾಗ ಯಾವ ವಿಕಿರಣ, ಯಾರ ಮೈ ಎಂದು ಕೇಳದೆ ಮುಂದೆ ಓದಬೇಡಿ.

ಬಿಸಿಲಿನ ಕಥೆ ಮೊದಲು, ಅದೇ ಹೆಚ್ಚು ಸೊಗಸು. ಅಜೀಜ್ ಸಂಜಾರ್ ಟರ್ಕಿಯ ಸಾವುರ್ ಎಂಬ ಸಣ್ಣ ಊರಿನವರು. ತಂದೆತಾಯಿಗೆ ಓದುಬರಹ ಬರುತ್ತಿರಲಿಲ್ಲ. ಊರ ಕಡೆಯೇ ಕೆಲವು ಕಾಲ ಡಾಕ್ಟರಾಗಿದ್ದು, ಆಮೇಲೆ ಅಮೆರಿಕಕ್ಕೆ ಹೋಗಿ ಫೋಟೊಲಯೇಸ್ ಎಂಬ ಕಿಣ್ವದ ಹಿಂದೆ ಬಿದ್ದರು. ಬ್ಯಾಕ್ಟೀರಿಯಾ, ಗಿಡ, ಕಪ್ಪೆಗಳಲ್ಲಿರುವ ಈ ಕಿಣ್ವಕ್ಕೆ ನೀಲಿ ಬೆಳಕು ಬಿದ್ದರೆ ಸಾಕು, ಅಂಟಿಕೊಂಡ ಅಕ್ಷರಗಳನ್ನು ಬಿಡಿಸಿಬಿಡುತ್ತದೆ. ಸೂರ್ಯನಿಂದ ಆದ ಗಾಯಕ್ಕೆ ಸೂರ್ಯನಿಂದಲೇ ಮದ್ದು. ಮನುಷ್ಯರಲ್ಲಿ ಇದು ಇಲ್ಲ. ಆದರೆ ನಮ್ಮಲ್ಲಿ ಇದರ ದಾಯಾದಿಯೊಂದಿದೆ. ಅದು ರಿಪೇರಿ ಮರೆತು ಬೇರೆ ಕಸುಬು ಹಿಡಿದಿದೆ. ಅದರ ಹೆಸರು ಕ್ರಿಪ್ಟೋಕ್ರೋಮ್. ಹೌದು, ಮೇಲೆ ಹಾಲು ಉಕ್ಕಿಸಿ ಒಲೆ ಆರಿಸಿದ ಅದೇ ಪ್ರೋಟೀನು.

ಗಡಿಯಾರದ ಮುಖ್ಯ ಬಿಡಿಭಾಗವೊಂದು ಬಿಸಿಲಿನ ಗಾಯ ವಾಸಿಮಾಡುವ ಮನೆತನದಿಂದ ಬಂದಿರುವುದು ಬರೀ ಆಕಸ್ಮಿಕ ಇರಲಾರದು. ಜೀವಿಗಳಿಗೆ ಗಡಿಯಾರ ಯಾಕೆ ಬೇಕಾಯಿತು ಎಂಬುದಕ್ಕೆ ಜೀವವಿಜ್ಞಾನಿ ಕಾಲಿನ್ ಪಿಟೆಂಡ್ರಿ ಒಂದು ಊಹೆ ಮುಂದಿಟ್ಟಿದ್ದರು: ಡಿಎನ್‌ಎ ಬಿಚ್ಚಿ ನಕಲು ಮಾಡುವ ನಾಜೂಕಿನ ಕೆಲಸವನ್ನು ಬಿಸಿಲಿಳಿದ ಮೇಲೆ ಇಟ್ಟುಕೊಂಡ ಜೀವಿಗಳು ಬದುಕಿಕೊಂಡವು. 2000ದಲ್ಲಿ ಪ್ರಕಟವಾದ ಒಂದು ಪ್ರಯೋಗ ಇದಕ್ಕೆ ಹೊಂದುತ್ತದೆ. ಕ್ಲಾಮಿಡೊಮೊನಾಸ್ ಎಂಬ ಒಂಟಿಕೋಶದ ಹಸಿರು ಪಾಚಿಗೆ ಬೇರೆಬೇರೆ ಹೊತ್ತಿನಲ್ಲಿ ಅತಿನೇರಳೆ ಕಿರಣ ಬಿಟ್ಟು ನೋಡಿದರೆ, ಅದು ಅತಿ ಹೆಚ್ಚು ಸಾಯುತ್ತಿದ್ದದ್ದು ಹೊತ್ತು ಮುಳುಗುವ ಆಸುಪಾಸಿನಲ್ಲಿ. ಅದರ ಕೋಶ ವಿಭಜನೆಯ ಹೊತ್ತೂ ಅದೇ. ಬಿಸಿಲು ಹೋಯಿತೆಂದು ನಂಬಿ ಬಾಗಿಲು ತೆಗೆದಾಗಲೇ ಏಟು ಬಿದ್ದ ಹಾಗೆ.

ನಮ್ಮ ಚರ್ಮ ಫೋಟೊಲಯೇಸ್ ಇಲ್ಲದೆ ಏನು ಮಾಡುತ್ತದೆ? ಕತ್ತರಿ ಹಿಡಿಯುತ್ತದೆ. ಅಂಟಿಕೊಂಡ ಅಕ್ಷರಗಳ ಎರಡೂ ಪಕ್ಕ ಬಿಟ್ಟು ಮೂವತ್ತಕ್ಕೆ ಕೊಂಚ ಕಡಿಮೆ ಅಕ್ಷರಗಳ ತುಂಡೊಂದನ್ನು ಕತ್ತರಿಸಿ ಬಿಸಾಡಿ, ಎದುರಿನ ಎಳೆ ನೋಡಿಕೊಂಡು ಹೊಸದಾಗಿ ಬರೆಯುತ್ತದೆ. ಈ ವಿಧಾನ ಬಿಡಿಸಿ ತೋರಿಸಿದ್ದಕ್ಕೇ ಸಂಜಾರ್ ಅವರಿಗೆ 2015ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿದ್ದು. ಈ ಕೆಲಸಕ್ಕೆ ಎಕ್ಸ್‌ಪಿಎ ಎಂಬ ಪ್ರೋಟೀನು ಬೇಕೇ ಬೇಕು. ಹುಟ್ಟಿನಿಂದ ಅದಿಲ್ಲದ ಮಕ್ಕಳು ಬಿಸಿಲಿಗೆ ಬರುವ ಹಾಗೇ ಇಲ್ಲ. ಸಂಜಾರ್ ಅವರ ಪ್ರಯೋಗಾಲಯದಲ್ಲಿ ಕಂಡದ್ದೇನೆಂದರೆ, ಇಲಿಯಲ್ಲಿ ಎಕ್ಸ್‌ಪಿಎ ಪ್ರಮಾಣ ದಿನಪೂರ್ತಿ ಒಂದೇ ಇರುವುದಿಲ್ಲ, ಗಡಿಯಾರದ ಜೊತೆ ಏರಿಳಿಯುತ್ತದೆ. ಸಂಜೆ ನಾಲ್ಕರ ಸುಮಾರಿಗೆ ತುಂಬಿರುತ್ತದೆ, ಬೆಳಗಿನ ಜಾವ ನಾಲ್ಕಕ್ಕೆ ತಳ ಕಾಣುತ್ತದೆ. 2011ರಲ್ಲಿ ಅವರ ತಂಡ ಇಲಿಗಳ ಒಂದು ಗುಂಪಿಗೆ ಬೆಳಗಿನ ಜಾವ ನಾಲ್ಕಕ್ಕೂ ಇನ್ನೊಂದಕ್ಕೆ ಸಂಜೆ ನಾಲ್ಕಕ್ಕೂ ಅಷ್ಟೇ ಅತಿನೇರಳೆ ಕಿರಣ ಕೊಟ್ಟಿತು. ಬೆಳಗಿನ ಜಾವದ ಗುಂಪಿನಲ್ಲಿ ಚರ್ಮದ ಗೆಡ್ಡೆಗಳು ಬೇಗ ಹುಟ್ಟಿದವು, ಸುಮಾರು ಐದು ಪಟ್ಟು ಹೆಚ್ಚು ಹುಟ್ಟಿದವು.

‘ಹಾಗಾದರೆ ಸಂಜೆ ಬಿಸಿಲೇ ಒಳ್ಳೆಯದು’ ಎಂದು ವಾಟ್ಸ್ಯಾಪಿಗೆ ಹಾಕುವ ಮೊದಲು ಒಂದು ನಿಮಿಷ. ಇಲಿ ನಿಶಾಚರಿ, ನಮಗೆ ಮಲಗುವ ಹೊತ್ತು ಅದಕ್ಕೆ ಎದ್ದು ತಿರುಗುವ ಹೊತ್ತು. ಮನುಷ್ಯರಲ್ಲಿ ಈ ರಿಪೇರಿ ಬೆಳಗ್ಗೆ ಚುರುಕಾಗಿದ್ದು ಸಂಜೆ ಮಂದವಾಗುತ್ತದೆ ಎಂಬುದು, ಅಂದರೆ ಇಲಿಯ ಲೆಕ್ಕದ ತಿರುವುಮುರುವು, ಆ ಸಂಶೋಧಕರದೇ ಎಣಿಕೆ. ಅದಿರಲಿ, ನಡುಮಧ್ಯಾಹ್ನದ ಬಿಸಿಲಿನಲ್ಲಿ ಅತಿನೇರಳೆಯ ಪ್ರಮಾಣವೇ ಎಷ್ಟೋ ಪಟ್ಟು ಹೆಚ್ಚು. ಆಗ ಟೊಪ್ಪಿಯೋ ಕೊಡೆಯೋ ಮಾಡುವ ಕೆಲಸವನ್ನು ಯಾವ ಎಕ್ಸ್‌ಪಿಎಯೂ ಮಾಡುವುದಿಲ್ಲ.

ಈಗ ಕರೆಂಟಿಗೆ ಬರೋಣ. ಇಲ್ಲಿ ಗಡಿಯಾರ ಕೈಯಾಡಿಸುವುದು ಮುಖ್ಯವಾಗಿ ಇನ್ನೊಂದು ದಾರಿಯಿಂದ: ಕೋಶಗಳು ಯಾವ ಹೊತ್ತಿಗೆ ಒಡೆದು ಎರಡಾಗುತ್ತವೆ ಎಂಬುದರ ಮೂಲಕ. ಬಿಡುವಿಲ್ಲದೆ ಒಡೆಯುವ ಕೋಶಗಳೇ ವಿಕಿರಣಕ್ಕೆ ಹೆಚ್ಚು ಸಾಯುತ್ತವೆ ಎಂಬುದನ್ನು 1906ರಲ್ಲೇ ಫ್ರಾನ್ಸಿನ ಬೆರ್ಗೊನಿಯೆ ಮತ್ತು ಟ್ರಿಬೊಂಡೊ ಹೇಳಿದ್ದರು. ಒಂದೇ ಕೋಶದ ಬಾಳಿನಲ್ಲೂ ಗಟ್ಟಿ ಗಳಿಗೆ, ಮೆತ್ತನೆ ಗಳಿಗೆಗಳಿವೆ. ಡಿಎನ್‌ಎಯ ನಕಲು ಮುಗಿಯುತ್ತಾ ಬಂದಾಗ ಕೋಶ ಬಲು ಗಟ್ಟಿ. ಪಹಣಿ ಹರಿದರೂ ಜೆರಾಕ್ಸ್ ಪ್ರತಿ ಪೆಟ್ಟಿಗೆಯಲ್ಲಿದ್ದರೆ ನೋಡಿ ಬರೆಸಿಕೊಳ್ಳಬಹುದಲ್ಲ, ಹಾಗೆ. ಅದೇ ಕೋಶ ಇಬ್ಭಾಗವಾಗಲು ಹೊರಟಾಗ, ಕ್ರೋಮೊಸೋಮುಗಳೆಲ್ಲ ಮೂಟೆ ಕಟ್ಟಿಕೊಂಡಿರುವಾಗ, ಬಲು ಮೆತ್ತಗೆ. ಮನೆ ಖಾಲಿ ಮಾಡುವ ದಿನ ಸಾಮಾನೆಲ್ಲ ಲಾರಿಯಲ್ಲಿರುವಾಗ ಮಳೆ ಬಂದಂತೆ. ಸುತ್ತಿಗೆ ಮೊಳೆ ಯಾವ ಚೀಲದಲ್ಲಿದೆಯೋ ಯಾರಿಗೂ ಗೊತ್ತಿರುವುದಿಲ್ಲ.

ಗಡಿಯಾರ ಒಂದು ಅಂಗದ ಕೋಶಗಳನ್ನೆಲ್ಲ ಒಂದೇ ಹೊತ್ತಿಗೆ ‘ಮನೆ ಖಾಲಿ’ ಮಾಡಿಸುತ್ತಿದ್ದರೆ ಆ ಹೊತ್ತಿಗೆ ಬಂದ ವಿಕಿರಣ ಆ ಅಂಗಕ್ಕೆ ಜೋರಾಗಿ ತಾಗಲೇಬೇಕು. ಕ್ಯಾಲಿಫೋರ್ನಿಯಾದ ಸಂಶೋಧಕರು ಇದನ್ನು 2013ರಲ್ಲಿ ಇಲಿಯ ಕೂದಲಿನಲ್ಲಿ ತೋರಿಸಿದರು. ಒಡಿಶಾ ಮೂಲದ ಸಚ್ಚಿದಾನಂದ ಪಂಡಾ ಆ ತಂಡದಲ್ಲಿದ್ದರು. ಇಲಿಯ ಕೂದಲ ಬುಡದ ಕೋಶಗಳು ಗುಂಪಾಗಿ ಒಡೆಯುವುದು ಬೆಳಗ್ಗೆ. ಬೆಳಗ್ಗೆ ವಿಕಿರಣ ಪಡೆದ ಇಲಿಗಳು ಶೇ 85ರಷ್ಟು ಕೂದಲು ಕಳೆದುಕೊಂಡವು, ಸಂಜೆ ಪಡೆದವು ಶೇ 17ರಷ್ಟು ಮಾತ್ರ. ಗಡಿಯಾರದ ಜೀನನ್ನೇ ಕೆಡಿಸಿದ ಇಲಿಗಳಲ್ಲಿ ಕೋಶ ಒಡೆಯುವ ಈ ಲಯವೂ ಅಳಿಸಿಹೋಗಿತ್ತು. ಇಷ್ಟು ದೊಡ್ಡ ಅಂತರ ಈ ಕ್ಷೇತ್ರದಲ್ಲಿ ಅಪರೂಪ. ಓದಿದಾಗ ನನಗೂ ಮರುದಿನ ಬೆಳಗ್ಗೆಯೇ ಕೌಂಟರಿಗೆ ಓಡಬೇಕು ಅನ್ನಿಸಿತು.

ಓಡಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಲಖನೌದ ಎರಡು ಅಧ್ಯಯನಗಳು ಕೈಗೆ ಸಿಕ್ಕವು. ಎರಡೂ ಒಂದೇ ವೈದ್ಯಕೀಯ ವಿಶ್ವವಿದ್ಯಾಲಯದವು, ಒಂದು ವರ್ಷದ ಅಂತರದಲ್ಲಿ ಪ್ರಕಟವಾದವು. ಬಾಯಿಯ ಒಳಪದರದ ಲಯವನ್ನು ಅದಕ್ಕೂ ಮೊದಲೇ ಕೆನಡಾದ ಬ್ಯಾರ್ನಸನ್ ಮತ್ತು ಸಂಗಡಿಗರು ಅಳೆದಿದ್ದರು. ದಿನವಿಡೀ ಹೊತ್ತುಹೊತ್ತಿಗೆ ಬಾಯಿಯ ಒಳಗಿನಿಂದ ಚೂರು ಚರ್ಮ ಕೊಡಲು ಒಪ್ಪಿದ ಆ ಪುಣ್ಯಾತ್ಮರಿಗೆ ದೊಡ್ಡ ನಮಸ್ಕಾರ. ಡಿಎನ್‌ಎ ಸರಿಯಿದೆಯೇ ಎಂದು ಕಾವಲು ಕಾಯುವ ಪಿ53 ಪ್ರೋಟೀನು ಬೆಳಗ್ಗೆ ಹನ್ನೊಂದರ ಸುಮಾರಿಗೆ ಹೆಚ್ಚಿರುತ್ತದೆ, ಕೋಶ ಒಡೆಯುವ ಸೂಚನೆ ಕೊಡುವ ಸೈಕ್ಲಿನ್ ಬಿ1 ರಾತ್ರಿ ಒಂಬತ್ತರ ಸುಮಾರಿಗೆ. ಅಂದರೆ ಬಾಯಿ ಮೆತ್ತಗಾಗುವುದು ಸಂಜೆಯ ಕಡೆಗೆ. 2009ರ ಲಖನೌ ಅಧ್ಯಯನದಲ್ಲಿ ತಲೆ ಮತ್ತು ಕತ್ತಿನ ಕ್ಯಾನ್ಸರಿನ 212 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು: ಬೆಳಗ್ಗೆ 8ರಿಂದ 11, ಮಧ್ಯಾಹ್ನ 3ರಿಂದ 6. ಊಟ ಮಾಡಲೇ ಆಗದಂಥ ಕೆಟ್ಟ ಬಾಯಿಹುಣ್ಣು ಬೆಳಗಿನವರಲ್ಲಿ ಶೇ 26, ಸಂಜೆಯವರಲ್ಲಿ ಶೇ 38. ಅದೇ ವರ್ಷದ ಕೆನಡಾದ ಅಧ್ಯಯನದಲ್ಲಿ ಸುಮಾರು ಶೇ 53 ಮತ್ತು ಶೇ 62. ಎರಡು ಕಡೆಯೂ ವಾಲಿದ್ದು ಒಂದೇ ಪಕ್ಕಕ್ಕೆ. ಆದರೆ ಇದು ಕಾಕತಾಳೀಯವಲ್ಲ ಎಂದು ಖಂಡಿತವಾಗಿ ಹೇಳುವಷ್ಟು ಗಟ್ಟಿ ಅಂತರ ಎರಡರಲ್ಲೂ ಸಿಗಲಿಲ್ಲ.

ಅಲ್ಲಿಗೆ ಬೆಳಗ್ಗೆಯೇ ಒಳ್ಳೆಯದು ಎಂದು ಷರಾ ಬರೆದುಬಿಡಬಹುದಿತ್ತು. 2010ರ ಎರಡನೆಯ ಅಧ್ಯಯನ ಅದನ್ನು ತಡೆಯುತ್ತದೆ. ಈ ಸಲ ಗರ್ಭಕೊರಳಿನ ಕ್ಯಾನ್ಸರಿನ 229 ಹೆಂಗಸರು. ಕಿಬ್ಬೊಟ್ಟೆಗೆ ಕರೆಂಟ್ ಇಟ್ಟಾಗ ಕರುಳಿನ ಒಳಪದರ ಕಿತ್ತು ಭೇದಿಯಾಗುತ್ತದೆ, ಎಣಿಸಿದ್ದು ಅದನ್ನು. ಬೆಳಗ್ಗೆ 8ರಿಂದ 10ರೊಳಗೆ ತೆಗೆದುಕೊಂಡವರಲ್ಲಿ ಶೇ 87 ಮಂದಿಗೆ ಭೇದಿ, ಸಂಜೆ 6ರಿಂದ 8ರೊಳಗಿನವರಲ್ಲಿ ಶೇ 68. ತೀವ್ರವಾದ ಭೇದಿ ಶೇ 14 ಮತ್ತು ಶೇ 5. ಈ ಅಂತರ ಲೆಕ್ಕದ ಪರೀಕ್ಷೆಯಲ್ಲೂ ನಿಂತಿತು. ಗೆಡ್ಡೆ ಕರಗುವುದರಲ್ಲಿ ಮಾತ್ರ ಎರಡೂ ಗುಂಪು ಸರಿಸಮ. ಕರುಳಿನ ಒಳಪದರದ ಕೋಶಗಳು ಬೆಳಗಿನ ಪಾಳಿಯವು, ಅದಕ್ಕೇ ಬೆಳಗಿನ ಪೆಟ್ಟು ಅವಕ್ಕೆ ಜೋರು.

ಒಂದೇ ಊರು, ಒಂದೇ ಆಸ್ಪತ್ರೆ. ಬಾಯಿಗೆ ಬೆಳಗು ಹಿತವಿದ್ದೀತು, ಕರುಳಿಗೆ ಸಂಜೆ ಹಿತ. ಪಂಚಾಂಗದ ರಾಹುಕಾಲ ಊರಿಗೆಲ್ಲ ಒಂದೇ. ಮೈಯೊಳಗಿನ ರಾಹುಕಾಲ ಅಂಗಕ್ಕೊಂದು. ‘ವಿಕಿರಣಕ್ಕೆ ಒಳ್ಳೆಯ ಹೊತ್ತು ಯಾವುದು’ ಎಂಬ ಪ್ರಶ್ನೆಗೆ ಉತ್ತರವಿಲ್ಲದಿರುವುದು ಅದಕ್ಕೇ. ಅಂಗದ ಹೆಸರು ಹೇಳಿ ಕೇಳಿದರೆ ಅರ್ಧ ಉತ್ತರ ಸಿಗುತ್ತದೆ.

ಉಳಿದರ್ಧಕ್ಕೆ ಅಡ್ಡಿಗಳು ಬೇಕಾದಷ್ಟಿವೆ. ಒಬ್ಬರ ಬೆಳಗ್ಗೆ ಎಂಟು ಇನ್ನೊಬ್ಬರ ಬೆಳಗ್ಗೆ ಎಂಟಲ್ಲ. ಕೋಳಿ ಕೂಗುವ ಮೊದಲು ಎದ್ದು ಹಾಲು ಕರೆಯುವ ನಮ್ಮ ಚಿಕ್ಕಮ್ಮನ ಗಡಿಯಾರಕ್ಕೂ, ಅಮೆರಿಕದ ಹಗಲಿಗೆ ಸರಿಯಾಗಿ ಬೆಂಗಳೂರಿನಲ್ಲಿ ರಾತ್ರಿಪಾಳಿ ಮಾಡುವ ಅವಳ ಮಗನ ಗಡಿಯಾರಕ್ಕೂ ಗಂಟೆಗಟ್ಟಲೆ ವ್ಯತ್ಯಾಸವಿದ್ದೀತು. ವರ್ಷಗಟ್ಟಲೆ ರಾತ್ರಿಪಾಳಿ ಮಾಡುವುದು ಕ್ಯಾನ್ಸರಿಗೆ ‘ಬಹುಶಃ ಕಾರಣ’ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2007ರಲ್ಲೇ ಪಟ್ಟಿಗೆ ಸೇರಿಸಿದೆ. ಗೆಡ್ಡೆಯ ಒಳಗಿನ ಗಡಿಯಾರದ್ದು ಇನ್ನೊಂದು ತಲೆನೋವು: ಹಲವು ಗೆಡ್ಡೆಗಳಲ್ಲಿ ಅದು ಕೆಟ್ಟು ಕೂತಿರುತ್ತದೆ. ಹಾಗಿದ್ದರೆ ಲಾಭವೇ, ಗೆಡ್ಡೆಗೆ ಯಾವ ಹೊತ್ತಾದರೂ ಪೆಟ್ಟು ಒಂದೇ, ಸುತ್ತಲಿನ ಒಳ್ಳೆಯ ಅಂಗಾಂಶ ಗಟ್ಟಿಯಾಗಿರುವ ಹೊತ್ತು ಆರಿಸಿಕೊಂಡರಾಯಿತು. ಆದರೆ ಕೆಲವು ಗೆಡ್ಡೆಗಳ ಗಡಿಯಾರ ಇನ್ನೂ ಓಡುತ್ತಿರುತ್ತದೆ, ಅದು ಯಾವ ಪಾಳಿಯದೆಂದು ಹೊರಗಿನಿಂದ ತಿಳಿಯುವುದಿಲ್ಲ.

ಎಕ್ಸ್‌ರೇ, ಸಿಟಿ ಸ್ಕ್ಯಾನಿಗೆ ಹೋಗುವವರು ಇದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಕಿಲ್ಲ. ಚಿಕ್ಕಮ್ಮನಿಗೆ ಒಂದು ಸಲಕ್ಕೆ ಕೊಡುತ್ತಿದ್ದದ್ದು 2 ಗ್ರೇ (ಮೈ ಹೀರಿಕೊಂಡ ವಿಕಿರಣ ಅಳೆಯುವ ಮಾನ ಅದು). ಎದೆಯ ಎಕ್ಸ್‌ರೇಯದು ಅದರ ಸಾವಿರಾರು ಪಾಲಿನಲ್ಲಿ ಒಂದು ಪಾಲು. ಡಾಕ್ಟರು ಹೇಳಿದ ಹೊತ್ತಿಗೆ ಹೋಗಿ ತೆಗೆಸಿಕೊಂಡು ಬನ್ನಿ.

ಕರೆಂಟ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತರೆ ಹೊತ್ತಿನ ಪ್ರಶ್ನೆಯ ಇನ್ನೊಂದು ಮುಖ ಕಾಣುತ್ತದೆ. ಒಳಗೆ ಕಪಾಟಿನ ತುಂಬ ಬಿಳಿ ಪ್ಲಾಸ್ಟಿಕ್ ಜಾಲರಿಯ ಮುಖವಾಡಗಳು. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಒಬ್ಬೊಬ್ಬರ ಮುಖಕ್ಕೆ ಒತ್ತಿ ಅಚ್ಚು ತೆಗೆದವು, ಹಣೆಯ ಮೇಲೆ ಟೇಪು ಅಂಟಿಸಿ ಹೆಸರು ಬರೆದವು. ತಲೆ ಒಂದು ಕೂದಲೆಳೆಯೂ ಅಲುಗಬಾರದೆಂದು ಅದನ್ನು ಹಾಕಿ ಮಂಚಕ್ಕೆ ಕ್ಲಿಪ್ ಮಾಡುತ್ತಾರೆ. ಕಿರಣ ಬೀಳುವುದು ಕೆಲವೇ ನಿಮಿಷ. ಮಲಗಿಸುವುದು, ಗೆರೆಗೆ ಗೆರೆ ಕೂಡಿಸುವುದು, ಎಬ್ಬಿಸುವುದು ಎಲ್ಲ ಸೇರಿ ಕಾಲು ಗಂಟೆ. ಬೆಳಗ್ಗೆ ಏಳಕ್ಕೆ ಶುರುವಾದ ಮೆಷಿನ್ನು ರಾತ್ರಿಯವರೆಗೂ ನಿಲ್ಲುವುದಿಲ್ಲ. ಬಾಯಿಯವರಿಗೆಲ್ಲ ಬೆಳಗ್ಗೆ, ಕಿಬ್ಬೊಟ್ಟೆಯವರಿಗೆಲ್ಲ ಸಂಜೆ ಎಂದು ಹಂಚೋಣ ಅಂದರೂ, ಬಾಯಿ ಕ್ಯಾನ್ಸರ್ ಇಷ್ಟೊಂದು ಇರುವ ನಮ್ಮ ದೇಶದಲ್ಲಿ ಆ ಬೆಳಗು ಎಲ್ಲಿಗೆ ಸಾಲಬೇಕು?

ಆಮೇಲೆ ಡಾಕ್ಟರನ್ನೇ ಕೇಳಿದೆ. ಅವರು ಲಖನೌದ ಅಧ್ಯಯನ ಓದಿದ್ದರು. “ಹೊತ್ತಿಂದ ಆಗೋ ವ್ಯತ್ಯಾಸ ಇದ್ರೂ ಸಣ್ಣದು. ದಿನ ತಪ್ಪಿಸಿದ್ರೆ ಆಗೋ ನಷ್ಟ ದೊಡ್ಡದು, ಅದು ನಮಗೆ ಚೆನ್ನಾಗೇ ಗೊತ್ತಿದೆ,” ಅಂದರು. ತಲೆ ಮತ್ತು ಕತ್ತಿನ ಕ್ಯಾನ್ಸರಿನಲ್ಲಿ ಚಿಕಿತ್ಸೆ ಒಂದೊಂದು ದಿನ ಎಳೆದುಕೊಂಡು ಹೋದಂತೆಲ್ಲ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ 1ರಷ್ಟೋ ಇನ್ನೂ ಕೊಂಚ ಹೆಚ್ಚೋ ಇಳಿಯುತ್ತದೆ. ಗೆಡ್ಡೆಯ ಅಳಿದುಳಿದ ಕೋಶಗಳು ಆ ಬಿಡುವಿನಲ್ಲಿ ಬೆಳೆದುಕೊಳ್ಳುತ್ತವೆ. ಬೆಳಗಿನ ಜಾಗ ಸಿಗಲಿ ಎಂದು ಒಂದು ವಾರ ಕಾಯುವುದು ಶುದ್ಧ ನಷ್ಟದ ವ್ಯಾಪಾರ.

ಚಿಕ್ಕಮ್ಮನನ್ನು ಮಂಗಳವಾರ ಮೂರೂವರೆಗೇ ಕರೆದುಕೊಂಡು ಹೋದೆ. ಯಾರದೋ ಮುಖವಾಡ ಸರಿಹೊಂದದೆ ಸಾಲು ಹಿಂದೆ ಬಿದ್ದು, ಅವಳ ಹೆಸರು ಕೂಗಿದಾಗ ನಾಲ್ಕೂ ಮುಕ್ಕಾಲು. ಗೋಡೆಯ ಗಡಿಯಾರ ನೋಡಿ, ನನ್ನ ಕಡೆ ತಿರುಗಿ, “ರಾಹುಕಾಲ ಕಳೀತು ನೋಡು,” ಅಂದು ಒಳಗೆ ಹೋದಳು.